ಶುನ್‌ಜಿಯ ರಾಜಧರ್ಮ, ದುರ್ಗಸಿಂಹನ ನರಿ



2020ರ ಜುಲೈನಲ್ಲಿ ಹ್ಯೂಸ್ಟನ್ನಿನ ಚೀನೀ ಕಾನ್ಸುಲೇಟನ್ನು ಅಮೆರಿಕ ಸರ್ಕಾರ ಮುಚ್ಚಿಸಿತು. 1979ರಲ್ಲಿ ಚೀನಾ ಈ ದೇಶದಲ್ಲಿ ತೆರೆದ ಮೊದಲ ಕಾನ್ಸುಲೇಟ್ ಅದು. ಉತ್ತರವಾಗಿ ಚೀನಾ, ಚೆಂಗ್ಡುವಿನ ಅಮೆರಿಕನ್ ಕಾನ್ಸುಲೇಟನ್ನು ಮುಚ್ಚಿಸಿತು. ಸೈಪ್ರೆಸ್ಸಿನಲ್ಲಿರುವ ನಮಗೆ ಇದು ಊರಿನ ಸುದ್ದಿಯೇ. ವಾಷಿಂಗ್ಟನ್ನಿನ ವಾದವನ್ನು ಟೀವಿ ಹೇಳಿತು. ಬೀಜಿಂಗಿನವರು ಜಗತ್ತನ್ನು ಹೇಗೆ ಯೋಚಿಸುತ್ತಾರೆಂಬುದು ಮಾತ್ರ ನಮಗೆ ತಿಳಿದಿರಲಿಲ್ಲ. ಆ ಕೊರತೆಯೇ ತ್ಸಿಂಗ್ಹುವಾ ವಿಶ್ವವಿದ್ಯಾಲಯದ ಯಾನ್ ಶ್ಯುಯೆತೊಂಗರ 'ಏನ್ಷಿಯಂಟ್ ಚೈನೀಸ್ ಥಾಟ್, ಮಾಡರ್ನ್ ಚೈನೀಸ್ ಪವರ್' ಪುಸ್ತಕವನ್ನು ನಮ್ಮ ಕೈಗೆ ಕೊಟ್ಟಿತು. 2011ರಲ್ಲಿ ಪ್ರಿನ್ಸ್‌ಟನ್ ಪ್ರಕಟಿಸಿದ ಪುಸ್ತಕವಿದು.

ಹಿನ್ನೆಲೆ ಸ್ವಲ್ಪ ಬೇಕು. ರಾಷ್ಟ್ರರಾಷ್ಟ್ರಗಳ ನಡುವಿನ ಕಾನೂನು ಎಂಬ ಪಾಶ್ಚಾತ್ಯ ಕಲ್ಪನೆ ಚೀನೀ ಭಾಷೆಗೆ ಪೂರ್ಣ ಗ್ರಂಥವಾಗಿ ಬಂದದ್ದು 1864ರಲ್ಲಿ. ಅಮೆರಿಕದ ಹೆನ್ರಿ ವೀಟನ್ನನ ಗ್ರಂಥವನ್ನು ಪಾದ್ರಿ ಮಾರ್ಟಿನ್ ಅನುವಾದಿಸಿದಾಗ. ಮುಂದೆ ಮಾರ್ಕ್ಸ್‌ವಾದ ಬಂತು. 1974ರಲ್ಲಿ ಮಾವೋನ 'ಮೂರು ಜಗತ್ತು'ಗಳ ವಾದವನ್ನು ಡೆಂಗ್ ವಿಶ್ವಸಂಸ್ಥೆಯಲ್ಲಿ ಮಂಡಿಸಿದ. ಆಮೇಲೆ ಅಮೆರಿಕನ್ ಸಿದ್ಧಾಂತಗಳನ್ನು ಕಲಿಯುವ ಕಾಲ. ಹೊಸ ಶತಮಾನದಲ್ಲಿ, ನಮ್ಮದೇ ಒಂದು ದರ್ಶನ ಬೇಡವೇ ಎಂಬ ಹಂಬಲ ಬಲವಾಯಿತು. ಝಾವೊ ತಿಂಗ್‌ಯಾಂಗ್ 2005ರಲ್ಲಿ 'ತಿಯೆನ್‌ಶ್ಯಾ', ಅಂದರೆ ಆಕಾಶದ ಕೆಳಗಿನದೆಲ್ಲ ಒಂದೇ ಎಂಬ ಹಳೆಯ ಕಲ್ಪನೆಯನ್ನು ಮತ್ತೆ ಮುಂದಿಟ್ಟರು. ಚಿನ್ ಯಾಚಿಂಗ್ ಸಂಬಂಧಗಳನ್ನೇ ಸಿದ್ಧಾಂತದ ಕೇಂದ್ರವಾಗಿಸಿದರು.

ಯಾನ್ ಹಿಂದಿರುಗುವುದು ಚಿನ್ ಸಾಮ್ರಾಜ್ಯಕ್ಕಿಂತ ಮುಂಚಿನ ಋಷಿಸದೃಶ ಚಿಂತಕರ ಬಳಿಗೆ, ಮುಖ್ಯವಾಗಿ ಶುನ್‌ಜಿಯ ಬಳಿಗೆ. ಶುನ್‌ಜಿ ಆಳ್ವಿಕೆಯಲ್ಲಿ ಮೂರು ಬಗೆ ಕಾಣುತ್ತಾನೆ: ಜನರ ಮನಸ್ಸು ಒಲಿಸಿಕೊಳ್ಳುವ ರಾಜಧರ್ಮ, ಮಿತ್ರರ ನಂಬಿಕೆ ಉಳಿಸಿಕೊಳ್ಳುವ ಮುಂದಾಳುತನ, ನೆಲ ಕಬಳಿಸುವ ಬರೀ ಬಲ. ಹಣ, ಸೈನ್ಯ ಸಾಲದು, ನೀತಿಯುಳ್ಳ ನಾಯಕತ್ವ ಬೇಕು, ಬೇರೆ ನಾಡಿನ ಪ್ರತಿಭಾವಂತರನ್ನೂ ಸೆಳೆಯಬೇಕು ಎಂಬುದು ಯಾನ್ ತಮ್ಮ ದೇಶಕ್ಕೆ ಹೇಳುವ ಬುದ್ಧಿಮಾತು. ಹೊಟ್ಟೆಪಾಡಿಗೆಂದು ಟೆಕ್ಸಸ್ಸಿಗೆ ಬಂದ ನಮಗೆ ಈ ಕೊನೆಯ ಮಾತು ಚುರುಕು ಮುಟ್ಟಿಸುತ್ತದೆ. ದೊಡ್ಡ ದೇಶವೊಂದರ ಬಲದ ಲೆಕ್ಕದಲ್ಲಿ ನಾವೂ ಒಂದು ಅಂಕೆ!

ಪುಸ್ತಕ ನಮಗೆ ಇಷ್ಟವಾಯಿತು. ಯಾನರನ್ನು ಟೀಕಿಸುವ ಚೀನೀ ವಿದ್ವಾಂಸರ ಲೇಖನಗಳಿಗೂ ಅದರಲ್ಲೇ ಜಾಗವಿದೆ. ಆದರೂ ಒಂದು ತಕರಾರು. ಶುನ್‌ಜಿಯ ಶಿಷ್ಯನೇ ಆದ ಲಿ ಸಿ ಚಿನ್ ರಾಜ್ಯದ ಮಂತ್ರಿಯಾದ. ಆ ರಾಜ್ಯ ಕ್ರಿ.ಪೂ. 221ರ ಹೊತ್ತಿಗೆ ಉಳಿದೆಲ್ಲ ರಾಜ್ಯಗಳನ್ನು ನುಂಗಿ ಮುಗಿಸಿತ್ತು. ಗೆದ್ದದ್ದು ಮೂರನೆಯ ಬಗೆ. ಹಾಗಿರುವಾಗ ರಾಜಧರ್ಮದ ಮಾತನ್ನು ನೆರೆಯ ಸಣ್ಣ ರಾಜ್ಯ ಯಾವ ಧೈರ್ಯದ ಮೇಲೆ ನಂಬಬೇಕು? 1954ರ ಪಂಚಶೀಲವನ್ನೂ 1962ರ ಯುದ್ಧವನ್ನೂ ಬಲ್ಲ ನಮಗೆ ಇದು ಪುಸ್ತಕದ ಪ್ರಶ್ನೆಯಷ್ಟೇ ಅಲ್ಲ.

ಬೆರಳು ತೋರುವ ಮುಂಚೆ ನಮ್ಮ ಕಪಾಟನ್ನೂ ನೋಡೋಣ. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಾಶಾಸ್ತ್ರಿಗಳು. ಅದರ ಮಂಡಲ ಸಿದ್ಧಾಂತದಲ್ಲಿ ಗಡಿ ತಾಗುವ ನೆರೆಯವನೇ ಶತ್ರು. ಇದೂ ಗೆಲ್ಲಹೊರಟ ಅರಸನ ಕಣ್ಣೇ.

ಕನ್ನಡದಲ್ಲಿ ಇನ್ನೊಂದು ಕಣ್ಣಿದೆ. ಹನ್ನೊಂದನೆಯ ಶತಮಾನದ ದುರ್ಗಸಿಂಹ, ಚಾಲುಕ್ಯ ಜಯಸಿಂಹನ ಬಳಿ ಸಂಧಿವಿಗ್ರಹಿ, ಅಂದರೆ ಸಂಧಿ ಮತ್ತು ಯುದ್ಧದ ಮಂತ್ರಿ. ಅವನ ಪಂಚತಂತ್ರ 'ಭೇದ'ದಿಂದಲೇ ಶುರು. ಸಿಂಹಕ್ಕೂ ಎತ್ತಿಗೂ ಸ್ನೇಹ. ನಡುವೆ ಓಡಾಡುವ ನರಿ ಇಬ್ಬರ ಕಿವಿಯಲ್ಲೂ ಸಂಶಯ ಊದುತ್ತದೆ. ಯಾನರ ಪುಸ್ತಕದಲ್ಲಿ ಕಾಣದ ಪಾತ್ರ ಇದೇ ನರಿ. ಯಾನ್ ಮಂತ್ರಿಯ ಯೋಗ್ಯತೆಯನ್ನು ನಂಬುತ್ತಾರೆ. ಸ್ವತಃ ಮಂತ್ರಿಯಾಗಿದ್ದ ದುರ್ಗಸಿಂಹ ಮಂತ್ರಿಯಿಂದಾಗುವ ಅನಾಹುತದಿಂದಲೇ ಕತೆ ಆರಂಭಿಸುತ್ತಾನೆ. ನೀತಿವಂತ ರಾಜನೂ ತಾನು ಕೇಳಿಸಿಕೊಂಡಷ್ಟೇ ಜಾಣ.

ಬಾಗಿಲು ಹಾಕಿದ ಕಾನ್ಸುಲೇಟ್ ಎಂದರೆ ಎದುರುಬದುರು ಕೇಳುವ ಕಿವಿಯೊಂದು ಕಡಿಮೆಯಾದಂತೆ. ಆಗ ನರಿಗೆ ಕೆಲಸ ಹೆಚ್ಚು. ಯಾನರ ಪುಸ್ತಕವನ್ನು ಓದಿ; ಪಕ್ಕದಲ್ಲಿ ದುರ್ಗಸಿಂಹನನ್ನೂ ಇಟ್ಟುಕೊಳ್ಳಿ. ಒಪ್ಪದಿದ್ದರೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಗಳವಾಡೋಣ.