ಎಚ್ ಪಕ್ಕದ ಅಂಕಿ

ಕಳೆದ ಭಾನುವಾರ ತೊಂಡೇಬಾವಿಯ ನಮ್ಮ ಮನೆಗೆ ಅಣ್ಣನ ಮಗಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಎಂ.ಎಸ್ಸಿ. ಭೌತಶಾಸ್ತ್ರದ ಹುಡುಗಿ. ಕೈಗಾದ 220 ಮೆಗಾವಾಟ್ ರಿಯಾಕ್ಟರಿನಲ್ಲಿರುವ 306 ಕೊಳವೆಗಳಲ್ಲಿ ಒಂದನ್ನು ನ್ಯೂಟ್ರಾನುಗಳ ಓಡಾಟ ಲೆಕ್ಕ ಹಾಕುವ ಓಪನ್‌ಎಂಸಿ ಎಂಬ ಪ್ರೋಗ್ರಾಂನಲ್ಲಿ ಕಟ್ಟಿದ್ದಳು: ಒಳಗೆ 19 ಕಡ್ಡಿಗಳ ಇಂಧನದ ಕಟ್ಟು, ಸುತ್ತ ಭಾರಜಲ.

‘ಚಿಕ್ಕಪ್ಪ, ಎರರ್ ಒಂದೂ ಬರ್ತಿಲ್ಲ. ಉತ್ತರ ಮಾತ್ರ ತಪ್ಪು.’

ಇಂಥ ಫೈಲುಗಳಲ್ಲಿ ತಪ್ಪು ಹುಡುಕುವ ನನ್ನ ಹುಚ್ಚಿಗೆ ಇದಕ್ಕಿಂತ ಒಳ್ಳೆಯ ಭಾನುವಾರ ಬೇಕೆ? ಎರರ್ ಕೊಟ್ಟು ನಿಂತುಬಿಡುವ ಫೈಲಿನಲ್ಲಿ ಸ್ವಾರಸ್ಯ ಕಡಿಮೆ. ಹೊರಗಿನ ಗಡಿಯಲ್ಲಿ ನ್ಯೂಟ್ರಾನ್ ಏನು ಮಾಡಬೇಕೆಂದು ಹೇಳದಿದ್ದರೆ ಪ್ರೋಗ್ರಾಂ ಹೆಜ್ಜೆಯೇ ಇಡುವುದಿಲ್ಲ. ಎರಡು ಆಕಾರಗಳ ನಡುವೆ ಕೂದಲೆಳೆ ಸಂದಿ ಬಿಟ್ಟರೆ, ಬೇಲಿ ನುಸುಳಿದ ಮೇಕೆಯ ಹಾಗೆ ನ್ಯೂಟ್ರಾನ್ ಕಳೆದುಹೋಗುತ್ತದೆ. ಹತ್ತು ಕಳೆದರೆ ಲೆಕ್ಕ ಬಂದ್. ಅಡ್ಡಕೊಯ್ತದ ಚಿತ್ರ ತೆಗೆದರೆ ಆ ಸಂದಿ ಬೆಳ್ಳಗೆ ಕಾಣುತ್ತದೆ. ಮುಗಿಯಿತು.

ಇವಳದು ಬೇರೆ ಜಾತಿಯ ತಪ್ಪು. ನೈಸರ್ಗಿಕ ಯುರೇನಿಯಂ ಹೊಸದಾಗಿದ್ದಾಗ ಭಾರಜಲದ ನಡುವೆ ಗುಣಕಾಂಶ, ಅಂದರೆ ಒಂದು ತಲೆಮಾರಿನ ನ್ಯೂಟ್ರಾನುಗಳು ಮುಂದಿನದರಲ್ಲಿ ಎಷ್ಟು ಪಟ್ಟಾಗುತ್ತವೆ ಎಂಬ ಲೆಕ್ಕ, ಒಂದನ್ನು ದಾಟಲೇಬೇಕು. ಇಲ್ಲಿ ಅದು ಒಂದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಕೊಳವೆಯಿಂದ ಕೊಳವೆಗೆ ಅಂತರ 22.86 ಸೆಂ.ಮೀ., ಸರಿ. ಭಾರಜಲದ ಸಾಂದ್ರತೆ 1.1, ಸರಿ. ಟೀ ಆರಿತು. ಮತ್ತೆ ಮೊದಲಿಂದ ಓದಿದೆವು.

‘ಎಚ್1, 2.0’ ಎಂದಿತ್ತು. ಭಾರಜಲಕ್ಕೆ ಬೇಕಾದದ್ದು ‘ಎಚ್2, 2.0’. ಮೊದಲನೆಯ ಅಂಕಿ ಐಸೊಟೋಪಿನದು, ಎರಡನೆಯದು ಪರಮಾಣುಗಳ ಲೆಕ್ಕ; ‘ಎಚ್2ಓ’ ಎಂದು ಬಾಯಿಪಾಠ ಮಾಡಿದ ಬೆರಳು ಎರಡನ್ನೂ ಕಲಸಿಬಿಡುತ್ತದೆ. ಅವಳು ರಿಯಾಕ್ಟರಿಗೆ ತುಂಬಿದ್ದು ಹೆಚ್ಚುಕಡಿಮೆ ನಮ್ಮ ಬೋರ್‌ವೆಲ್ ನೀರು. ಅದರಲ್ಲಾದರೂ ಸುಮಾರು 6,400 ಹೈಡ್ರೋಜನ್ ಪರಮಾಣುಗಳಲ್ಲಿ ಒಂದು ಭಾರದ್ದು ಇರುತ್ತದೆ. ಇವಳ ನೀರಿನಲ್ಲಿ ಅದೂ ಇರಲಿಲ್ಲ. ಸಾದಾ ಹೈಡ್ರೋಜನ್ ನ್ಯೂಟ್ರಾನುಗಳನ್ನು ನುಂಗುತ್ತದೆ, ಸರಣಿ ಮುಂದುವರಿಯುವುದಿಲ್ಲ.

ಪ್ರೋಗ್ರಾಂ ಯಾಕೆ ಸುಮ್ಮನಿತ್ತು? ಭಾರಜಲದ ಅಣುಗಳಿಗೆ ನಿಧಾನ ನ್ಯೂಟ್ರಾನ್ ಬಡಿದು ಚದುರುವ ಬಗೆಗೆ ಬೇರೆಯೇ ಕೋಷ್ಟಕವಿದೆ, ಅದನ್ನು ಒಂದು ಸಾಲಿನಲ್ಲಿ ಕರೆಯಬೇಕು. ಆ ಸಾಲು ಇದ್ದಿದ್ದರೆ ‘ಈ ಕೋಷ್ಟಕಕ್ಕೆ ಹೊಂದುವ ಪರಮಾಣುವೇ ಇಲ್ಲಿಲ್ಲ’ ಎಂದು ಓಪನ್‌ಎಂಸಿ ಅಲ್ಲೇ ನಿಲ್ಲುತ್ತಿತ್ತು. ಅವಳು ಅದನ್ನೂ ಮರೆತಿದ್ದಳು. ಒಂದು ತಪ್ಪು ಇನ್ನೊಂದಕ್ಕೆ ಕಾವಲು ನಿಂತಿತ್ತು. ಇಂಥ ಜೋಡಿ ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ.

ಪಕ್ಕದ ಗೌರಿಬಿದನೂರಿನಲ್ಲಿ ಬಿಎಆರ್‌ಸಿಯ ಭೂಕಂಪಮಾಪಕಗಳ ಸಾಲು 1960ರ ದಶಕದಿಂದ ದೂರದೇಶದ ಭೂಗತ ಅಣುಸ್ಫೋಟಗಳಿಗೆ ಕಿವಿಗೊಟ್ಟು ಕೂತಿದೆ. ನಮಗೆ ಮೂಗಿನ ಮುಂದಿನ ಅಂಕಿ ಕಾಣಲು ಮೂರು ಗಂಟೆ ಬೇಕಾಯಿತು.

ಎರಡನ್ನೂ ತಿದ್ದಿ ಓಡಿಸಿದಾಗ ಗುಣಕಾಂಶ ಒಂದನ್ನು ದಾಟಿತು. ಹುಡುಗಿ ಚೀಲ ಹೆಗಲಿಗೇರಿಸಿ ರೈಲಿಗೆ ಹೊರಟಳು. ಇಂಧನದ ತಾಪ ಎಷ್ಟು ಕೊಟ್ಟಿದ್ದೀ ಎಂದು ಬಾಗಿಲಲ್ಲಿ ಕೇಳಿದೆ. ಕೊಟ್ಟಿರಲಿಲ್ಲ. ಕೊಡದಿದ್ದರೆ ಓಪನ್‌ಎಂಸಿ 293.6 ಕೆಲ್ವಿನ್ ಎಂದುಕೊಳ್ಳುತ್ತದೆ, ಅಂದರೆ ಇಪ್ಪತ್ತು ಡಿಗ್ರಿ ಸೆಲ್ಸಿಯಸ್. ಅವಳು ಚೀಲ ಕೆಳಗಿಟ್ಟಳು.