ಉಂಡಿ ಡಬ್ಬಿ ಮತ್ತು ಮುಧೋಳ ನಾಯಿ

ದೀಪಾವಳಿ ಹತ್ತಿರ ಬಂತೆಂದರೆ ನಾಯಿ ಸಾಕಿದವರು ನನ್ನನ್ನು ಕೇಳುವುದು ಪಟಾಕಿಯ ಬಗ್ಗೆ. ನಾನು ಅವರನ್ನು ಮೊದಲು ಕೇಳುವುದು, "ಒಣದ್ರಾಕ್ಷಿ ಎಲ್ಲಿಟ್ಟೀರಿ?" ಎಂದು.

ಈ ಪ್ರಶ್ನೆ ನನಗೆ ಅಂಟಿಕೊಂಡದ್ದು ತಂಗಡಗಿಯಿಂದ. ಕೃಷ್ಣೆಯ ದಂಡೆಯ ಆ ಊರಿಗೆ ಶರಣೆ ನೀಲಮ್ಮನ ಐಕ್ಯಸ್ಥಳದ ದರ್ಶನಕ್ಕೆ ಹೋದಾಗಲೆಲ್ಲ ನಾನು ಉಳಿಯುವ ಒಂದು ಮನೆಯಿದೆ. ಆ ಮನೆಯಲ್ಲೊಂದು ಹೆಣ್ಣು ಮುಧೋಳ. ನೀಳ ಮೂತಿ, ಒಳಸೇರಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ತೂಕ 22 ಕೆ.ಜಿ. ನೀರು ತುಂಬುವ ಹಬ್ಬದ ದಿನ ಆ ಮನೆಯ ಹುಡುಗ ಫೋನ್ ಮಾಡಿದ. "ಕಾಕಾ, ಉಂಡಿಗಂತ ತಂದಿಟ್ಟ ಕಾಲು ಕಿಲೋ ದ್ರಾಕ್ಷಿ ಪೂರಾ ಖಾಲಿ ಮಾಡೈತ್ರಿ. ಏನೂ ಆಗಿಲ್ಲ, ಆರಾಮ ಮಲಗೈತಿ. ದ್ರಾಕ್ಷಿ ಅಲ್ಲೇನ್ರಿ, ತಾಕತ್ ಬರ್ತೈತಿ."

ನನ್ನ ಕೈಕಾಲು ತಣ್ಣಗಾದವು. "ಈಗಿಂದೀಗ ಪಶು ದವಾಖಾನೆಗೆ ಒಯ್ಯಿ, ನಾಳಿಗೆ ಅಂತ ಬಿಡಬ್ಯಾಡ" ಎಂದೆ.

ವಿಜಯಪುರ ಜಿಲ್ಲೆಯವರಿಗೆ ಇದು ನಂಬಲು ಕಷ್ಟವಾದ ಮಾತು. ಒಣದ್ರಾಕ್ಷಿ ನಮ್ಮ ಹೊಲದ ಬೆಳೆ. ಮಕ್ಕಳಿಗೆ ಹಿಡಿಗಟ್ಟಲೆ ಕೊಡುತ್ತೇವೆ, ಬಾಣಂತಿಗೆ ಕೊಡುತ್ತೇವೆ. ಅದೇ ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಅಮೆರಿಕದ ಪಶು ವಿಷತಜ್ಞರು ಇದನ್ನು 2001ರಲ್ಲೇ ದಾಖಲಿಸಿದ್ದರೂ ದ್ರಾಕ್ಷಿಯೊಳಗಿನ ಯಾವ ಅಂಶ ಕೊಲ್ಲುತ್ತದೆ ಎಂಬುದು ಇಪ್ಪತ್ತು ವರ್ಷ ಒಗಟಾಗಿಯೇ ಇತ್ತು. 2021ರಲ್ಲಿ ಅವರು ಬೆರಳು ತೋರಿಸಿದ್ದು ಟಾರ್ಟಾರಿಕ್ ಆಮ್ಲದ ಕಡೆಗೆ. ಆ ಆಮ್ಲ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಆದ್ದರಿಂದ ವಿಷ ಇಳಿಯಲೆಂದು ಹುಣಸೆಹುಳಿ ಕುಡಿಸಿರೆಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಇದರ ಮೋಸ ಇರುವುದು ವೇಳೆಯಲ್ಲಿ. ತಿಂದ ಮೊದಲ ತಾಸುಗಳಲ್ಲಿ ನಾಯಿ ಬಾಲ ಅಲ್ಲಾಡಿಸುತ್ತಲೇ ಇರುತ್ತದೆ. ದಿನದೊಳಗೆ ವಾಂತಿ ಶುರುವಾಗುತ್ತದೆ, ಮಂಕಾಗುತ್ತದೆ. ಒಂದರಿಂದ ಮೂರು ದಿನದಲ್ಲಿ ಮೂತ್ರಪಿಂಡ ಸೋಲುತ್ತದೆ. ಉಚ್ಚೆ ನಿಂತ ಮೇಲೆ ಉಳಿಸಿಕೊಳ್ಳುವುದು ಬಲು ಕಷ್ಟ. ಒಂದು ನಾಯಿಗೆ ಹಿಡಿ ತುಂಬ ತಿಂದರೂ ಏನೂ ಆಗದು, ಇನ್ನೊಂದಕ್ಕೆ ಅದಕ್ಕಿಂತ ಕಡಿಮೆಯೇ ಸಾಕು. ಇಷ್ಟರವರೆಗೆ ಪರವಾಗಿಲ್ಲ ಎಂಬ ಲೆಕ್ಕ ಇಲ್ಲಿ ಇಲ್ಲ. ತಿಂದ ಎರಡು ತಾಸಿನೊಳಗೆ ವೈದ್ಯರು ವಾಂತಿ ಮಾಡಿಸಿದರೆ ಬಹುಪಾಲು ಹೊರಬರುತ್ತದೆ. ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿಯನ್ನು ಬಿಡಬೇಕು. ಹೆಚ್ಚಿದ ಉಪ್ಪೇ ಮಿದುಳಿಗೆ ಏರಿ ನಾಯಿ ಸೆಟೆದು ಬೀಳುತ್ತದೆ.

ಹಬ್ಬದ ಮನೆಯಲ್ಲಿ ಇನ್ನೂ ಕೆಲವು ಅಪಾಯಗಳಿವೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಪಲ್ಯ ನಾಯಿ, ಬೆಕ್ಕು ಎರಡರ ರಕ್ತಕಣವನ್ನೂ ಒಡೆಯುತ್ತದೆ. ಬೆಂಗಳೂರಿನಿಂದ ಬಂದ ಮಕ್ಕಳು ತರುವ ಚಾಕೊಲೇಟ್ ಎಷ್ಟು ಕಪ್ಪೋ ಅಷ್ಟು ಕೆಟ್ಟದ್ದು. ಇವನ್ನು ಜನ ಈಗೀಗ ಅರಿತಿದ್ದಾರೆ.

ಅರಿಯದೆ ಮಾಡುವ ತಪ್ಪು ಮನೆ ಸಾರಿಸುವ ವಾರದ್ದು. ಕಾಳಿನ ಚೀಲ ಸರಿಸಿ, ಹಿಂದೆ ಇಲಿ ಪಾಷಾಣ ಇಡುತ್ತಾರೆ. ನಾಯಿ ಅದನ್ನೇ ತಿನ್ನಬೇಕೆಂದಿಲ್ಲ, ಸತ್ತ ಇಲಿಯನ್ನು ತಿಂದರೂ ಕೇಡು. ಅಂಗಡಿಯ ಬಣ್ಣದ ಬಿಲ್ಲೆ ಬ್ರೊಮಾಡಿಯೊಲೋನ್ ಆಗಿದ್ದರೆ ರಕ್ತ ಹೆಪ್ಪುಗಟ್ಟುವುದು ನಿಂತು, ಕೆಲವು ದಿನದ ಮೇಲೆ ಒಳಗೊಳಗೇ ರಕ್ತ ಸೋರುತ್ತದೆ. ಅದಕ್ಕೆ ವಿಟಮಿನ್ ಕೆ1 ಮದ್ದುಂಟು. ಕಪ್ಪು ಪುಡಿ ಝಿಂಕ್ ಫಾಸ್ಫೈಡ್‌ಗೆ ಮದ್ದಿಲ್ಲ. ಹೊಟ್ಟೆಯ ಆಮ್ಲ ತಾಗಿದೊಡನೆ ವಿಷಗಾಳಿಯಾಗುತ್ತದೆ. ದವಾಖಾನೆಗೆ ಓಡುವಾಗ ಪಾಷಾಣದ ಪಾಕೀಟನ್ನೂ ಕಿಸೆಯಲ್ಲಿ ಹಾಕಿಕೊಂಡು ಹೋಗಿ. ನೆಲ ಒರೆಸಿದ ಫಿನಾಯಿಲ್ ಆರುವ ತನಕ ಬೆಕ್ಕನ್ನು ಹೊರಗಿಡಿ, ಕಾಲಿಗೆ ಅಂಟಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ಬೆಕ್ಕಿಗೆ ಮೈ ಬಿಸಿಯಾಗಿದೆಯೆಂದು ಪ್ಯಾರಾಸಿಟಮಾಲ್ ಅರ್ಧ ಗುಳಿಗೆ ಕೊಟ್ಟರೂ ಅದು ಉಳಿಯುವುದು ದುರ್ಲಭ.

ಪಾಡ್ಯದ ದಿನ ದನಗಳಿಗೆ ಹೋಳಿಗೆ, ಅನ್ನ ಬುಟ್ಟಿಗಟ್ಟಲೆ ತಿನ್ನಿಸುವುದೂ ಬೇಡ. ಎಡೆ ಹಿಡಿಯಷ್ಟಿದ್ದರೆ ಪೂಜೆ ಸಂದಿತು. ಒಮ್ಮೆಲೇ ಹಿಟ್ಟು, ಬೆಲ್ಲ ಬಿದ್ದರೆ ಮೆಲುಕು ಚೀಲ ಹುಳಿಯೇರಿ ಎತ್ತು ನೆಲ ಹಿಡಿಯುತ್ತದೆ.

ಇನ್ನು ಪಟಾಕಿ. ನಮ್ಮ ಕಿವಿ 20,000 ಹರ್ಟ್ಸ್‌ಗೆ ಮುಗಿದರೆ ನಾಯಿಯದು 45,000ದ ಸಮೀಪ ಹೋಗುತ್ತದೆ. ಮುಧೋಳದ ವಿಷಯದಲ್ಲಿ ನನಗೆ ಹೆಚ್ಚಿನ ಕಳವಳ. ಮೊಲದ ಬೆನ್ನಟ್ಟಲು ಹುಟ್ಟಿದ, ಅಂಚೆ ಇಲಾಖೆ 2005ರಲ್ಲಿ ಚೀಟಿಯಲ್ಲಿ ಅಚ್ಚು ಹಾಕಿಸಿದ ಈ ತಳಿಗೆ ಹೆದರಿಕೆಗೂ ಓಟವೇ ಉತ್ತರ. ಸರಪಳಿ ಹಾಕಿ ಅಂಗಳದಲ್ಲಿ ಕಟ್ಟಿದರೆ ಮೊದಲ ಬಾಂಬಿಗೇ ಇದ್ದ ಬಲವೆಲ್ಲ ಹಾಕಿ ಜಿಗಿಯುತ್ತದೆ. ಆ ತೆಳು ಕತ್ತು ತಾಳುವುದಿಲ್ಲ. ಬಿಟ್ಟರೆ ಗೋಡೆ ಹಾರಿ ಹೋಗುತ್ತದೆ. ಒಳಕೋಣೆಯಲ್ಲಿ ಬಿಡಿ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಮನೆಯವರೊಬ್ಬರು ಬಳಿ ಕೂಡಿ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರ ವೇಳೆ ಗೊತ್ತುಮಾಡಿತು. ಊರು ಅದನ್ನು ಪಾಲಿಸಿದರೆ ಎರಡೇ ತಾಸಿನ ಕಾವಲು. ನಾಯಿಯನ್ನು ಬಯಲಿಗೆ ಒಯ್ಯುವುದಿದ್ದರೆ ಸಂಜೆ ಬೆಳಕಿರುವಾಗಲೇ ಒಯ್ದು ತನ್ನಿ. ಮರುದಿನ ಬೆಳಿಗ್ಗೆ ಅಂಗಳದ ಸಿಡಿಯದ ಪಟಾಕಿ ಗುಡಿಸಿದ ಮೇಲೆಯೇ ಬಿಡಿ. ಆ ಮದ್ದಿನ ಬೇರಿಯಂ ಕೂಡ ವಿಷ.

ತಂಗಡಗಿಯ ಹುಡುಗ ನಾಯಿಯನ್ನು ಬೈಕಿನ ಮೇಲೆ ಎದೆಗವಚಿಕೊಂಡು ಒಯ್ದಿದ್ದ. ವೈದ್ಯರು ವಾಂತಿ ಮಾಡಿಸಿ, ಮೂರು ದಿನ ಸಲೈನ್ ಹಾಕಿದರು. ಹಬ್ಬ ಮುಗಿದ ಮೇಲೆ ಅದು ಎದ್ದು ಗಂಜಿ ಕುಡಿಯಿತು. ಆ ಮನೆಯ ತಾಯಿ ಈಗ ದ್ರಾಕ್ಷಿ, ಉಂಡಿ ಎರಡನ್ನೂ ನೆಲುವಿಗೆ ಏರಿಸುತ್ತಾರೆ. ಈ ಸಲ ನಿಮ್ಮ ಮನೆಯಲ್ಲೂ ಏರಲಿ. ಹಳ್ಳಿಯಲ್ಲಿ ದನಕರುಗಳಿಗೆ ತೊಂದರೆಯಾದರೆ ಪಶು ಸಂಜೀವಿನಿಯ ಉಚಿತ ಸಂಖ್ಯೆ 1962. ಹಬ್ಬದ ಸಾಮಾನಿನ ಚೀಟಿಯ ಮೇಲೆಯೇ ಅದನ್ನೂ ಬರೆದುಕೊಳ್ಳಿ.