ಬಿಳಿ ರಸ್ತೆಯ ಅಂಚಿನಲ್ಲಿ

ಮಲ್ಲೇಶ್ವರದ ಹಳೆಯ ಮನೆಗಳ ಹಿತ್ತಿಲ ಗೋಡೆಗಳು ಎದುರುಬದುರಾಗುವಲ್ಲಿ ಕಿರಿದಾದ ಓಣಿಯೊಂದು ಸಿಗುತ್ತದೆ. ಅಲ್ಲಿಯವರ ಬಾಯಲ್ಲಿ ಅದು ಕನ್ಸರ್ವೆನ್ಸಿ ಲೇನ್. ಯಾವ ಮನೆಯ ಮುಂಬಾಗಿಲೂ ಅದರತ್ತ ತೆರೆಯುವುದಿಲ್ಲ. 1898ರಲ್ಲಿ ಪ್ಲೇಗು ಪೇಟೆಯ ಇಕ್ಕಟ್ಟಾದ ಕೇರಿಗಳಿಗೆ ನುಗ್ಗಿದ ಮೇಲೆ ಜನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ನೆಲೆ ಕಂಡುಕೊಂಡರು. ಹೊಸ ಬಡಾವಣೆಗೆ ಗಾಳಿ, ಬೆಳಕು, ಅಗಲವಾದ ರಸ್ತೆಗಳ ಜೊತೆಗೆ ಈ ಹಿಂದಿನ ಓಣಿಯನ್ನೂ ಕೊಡಲಾಯಿತು. ಮಲ ಹೊರುವವರು ಮುಂದಿನ ರಸ್ತೆಗೆ ಬಾರದೆ ಬಂದುಹೋಗಲಿ ಎಂಬ ಏರ್ಪಾಟು ಅದು. ಅದರಲ್ಲಿ ಜಾತಿಯ ಕ್ರೌರ್ಯವಿತ್ತು, ಅದನ್ನು ಮರೆಮಾಚುವಂತಿಲ್ಲ. ಆದರೆ ನಗರ ಕಟ್ಟುವವರಿಗೆ ಅದರಲ್ಲಿ ಒಂದು ತಿಳಿವಳಿಕೆಯೂ ಇತ್ತು. ಮನೆಯ ಕೊಳಚೆ, ಕಸದ ವ್ಯವಹಾರಕ್ಕೆ ಒಂದು ದಾರಿ, ಜನರ ಓಡಾಟಕ್ಕೆ ಇನ್ನೊಂದು.

ಇವತ್ತು ಆ ಎರಡೂ ವ್ಯವಹಾರ ಮುಂದಿನ ರಸ್ತೆಯ ಮೇಲೆಯೇ ಬಿದ್ದಿದೆ. ಕಾವೇರಿ ನೀರಿನ ಕೊಳವೆ, ಒಳಚರಂಡಿ, ಬೆಸ್ಕಾಂನ ನೆಲದಡಿಯ ಕೇಬಲ್, ಇಂಟರ್‌ನೆಟ್ ಕಂಪನಿಗಳ ಆಪ್ಟಿಕಲ್ ಫೈಬರ್ ಕೇಬಲ್, ಈಚೆಗೆ ಬಂದ ಅಡುಗೆ ಅನಿಲದ ಪೈಪು, ಎಲ್ಲವೂ ಆ ರಸ್ತೆಯ ಅಡಿಯಲ್ಲೇ ಸಾಗುತ್ತವೆ. ಅವುಗಳ ಮೇಲೆ ನಗರವೀಗ ಕಾಂಕ್ರೀಟು ಸುರಿಯುತ್ತಿದೆ. ಕಳೆದ ಎಂಟೊಂಬತ್ತು ವರ್ಷಗಳಲ್ಲಿ ಬೆಂಗಳೂರಿನ ರಸ್ತೆ ಕಾಮಗಾರಿಗಳಲ್ಲಿ ಅತ್ಯಂತ ದೊಡ್ಡ ಭರವಸೆ ಹೊತ್ತು ಬಂದದ್ದು ವೈಟ್ ಟಾಪಿಂಗ್. ಹಳೆಯ ಬಡಾವಣೆಗಳಲ್ಲಿ ಅದು ಎಷ್ಟರಮಟ್ಟಿಗೆ ಗೆದ್ದಿದೆ ಎಂದು ನೋಡಬೇಕಾದರೆ ರಸ್ತೆಯ ನಡುವೆ ನಿಂತರೆ ಸಾಲದು, ಅಂಚಿಗೆ ಬರಬೇಕು.

ಮೊದಲು ಅದರ ಗುಣವನ್ನು ಒಪ್ಪಿಕೊಳ್ಳೋಣ. ಡಾಂಬರಿಗೆ ನೀರೇ ಶತ್ರು. ಮಳೆನೀರು ಬಿರುಕಿನಲ್ಲಿ ಇಳಿದು ಜಲ್ಲಿಯ ಹಿಡಿತ ಸಡಿಲಿಸುತ್ತದೆ, ಮೇಲೆ ಚಕ್ರ ಉರುಳುತ್ತದೆ, ಗುಂಡಿ ಏಳುತ್ತದೆ. ಬೆಂಗಳೂರಿನಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಈ ಸರಪಳಿ ನಿಲ್ಲುವುದಿಲ್ಲ. ಹಳೆಯ ಡಾಂಬರಿನ ಮೇಲೆ ಸುಮಾರು ಆರರಿಂದ ಎಂಟು ಇಂಚು ದಪ್ಪದ ಕಾಂಕ್ರೀಟು ಹಾಸಿದರೆ ಈ ಕಾಟ ತಪ್ಪುತ್ತದೆ, ಇಪ್ಪತ್ತು ಮೂವತ್ತು ವರ್ಷ ಆ ಕಡೆ ತಿರುಗಿ ನೋಡಬೇಕಿಲ್ಲ ಎಂಬುದು ಇದನ್ನು ತಂದವರ ವಾದ. ಲಾರಿ ಬಸ್ಸುಗಳು ಹಗಲಿರುಳು ಓಡುವ ಮೈಸೂರು ರಸ್ತೆಯಂಥ ಕಡೆ ಈ ವಾದಕ್ಕೆ ಬಲವಿದೆ.

ಆ ಬಲ ಎಲ್ಲಿಯವರೆಗೆ ಎಂಬುದು ಮುಂದಿನ ಪ್ರಶ್ನೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1950ರ ದಶಕದ ಕೊನೆಗೆ ರಸ್ತೆಗಳ ಮೇಲೆ ದೊಡ್ಡ ಪ್ರಮಾಣದ ಪರೀಕ್ಷೆ ನಡೆಯಿತು. ಗಾಡಿಯ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು ಎಂದು ಅದು ತೋರಿಸಿತು. ಅಂದರೆ ತುಂಬಿದ ಒಂದು ಲಾರಿ ಮಾಡುವ ಹಾನಿಯನ್ನು ಸಾವಿರಾರು ಕಾರುಗಳು ಸೇರಿದರೂ ಮಾಡಲಾರವು, ಸ್ಕೂಟರುಗಳ ಮಾತಂತೂ ಬೇಡ. ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ದಿನಕ್ಕೆ ಓಡುವ ಭಾರೀ ವಾಹನವೆಂದರೆ ಕಸದ ಗಾಡಿ, ನೀರಿನ ಟ್ಯಾಂಕರು, ಯಾರದೋ ಮನೆ ಕಟ್ಟುವ ಮರಳಿನ ಲಾರಿ. ಅಲ್ಲಿನ ಡಾಂಬರು ಭಾರಕ್ಕೆ ಕಿತ್ತುಬರುವುದಿಲ್ಲ. ಅಗೆದು, ಮಣ್ಣು ಸರಿಯಾಗಿ ದಮ್ಮಸು ಮಾಡದೆ ಮುಚ್ಚಿದ ಕಡೆ ಕುಸಿಯುತ್ತದೆ, ಮೋರಿ ಕಟ್ಟಿಕೊಂಡು ನೀರು ನಿಂತ ಕಡೆ ಕೊಳೆಯುತ್ತದೆ. ಈ ರೋಗಕ್ಕೆ ಕಾಂಕ್ರೀಟು ಮದ್ದಲ್ಲ. ಅಡ್ಡರಸ್ತೆಗಳಿಗೂ ಅದನ್ನೇ ಹಾಸುತ್ತ ಹೋಗುವುದು ದುಂದು.

ಅಗೆತದ ವಿಷಯದಲ್ಲಂತೂ ಕಾಂಕ್ರೀಟು ಹೊಸ ತೊಡಕನ್ನೇ ತರುತ್ತದೆ. ಡಾಂಬರು ರಸ್ತೆಯಡಿ ಕೊಳವೆ ಒಡೆದರೆ ಅಗೆದು ರಿಪೇರಿ ಮಾಡಿ ತೇಪೆ ಹಾಕಬಹುದು. ಕಾಂಕ್ರೀಟಿನದು ಫಲಕ ಫಲಕವಾಗಿ ಕೂತ ಹಾಸು. ಕತ್ತರಿಸಿದರೆ ಇಡೀ ಫಲಕ ಎಬ್ಬಿಸಿ, ಹೊಸದಾಗಿ ಸುರಿದು, ಗೋಣಿ ಹಾಸಿ ದಿನಗಟ್ಟಲೆ ನೀರು ಕುಡಿಸಬೇಕು. ಪೂರ್ತಿ ಬಲ ಬರಲು ಇಪ್ಪತ್ತೆಂಟು ದಿನ ಎಂಬುದು ಎಂಜಿನಿಯರಿಂಗ್ ಓದುವ ಹುಡುಗರೆಲ್ಲ ಕಲಿಯುವ ಲೆಕ್ಕ. ಈ ಕಾಯುವಿಕೆಯನ್ನೇ ತಪ್ಪಿಸಲು 2022ರ ಡಿಸೆಂಬರಿನಲ್ಲಿ ಹಳೆ ಮದ್ರಾಸ್ ರಸ್ತೆಯ ಒಂದು ತುಂಡಿನಲ್ಲಿ ಅಚ್ಚುಹಾಕಿದ ಫಲಕಗಳ ರ‍್ಯಾಪಿಡ್ ರೋಡ್ ಮಾಡಿ ನೋಡಿದರು. ಕೆಲವೇ ವಾರಗಳಲ್ಲಿ ಅದರಲ್ಲಿ ಬಿರುಕು ಕಂಡಿತು.

ಅಡಿಯದನ್ನು ಮೊದಲು ಸರಿಮಾಡು, ಆಮೇಲೆ ಮೇಲಿನದನ್ನು ಹಾಸು ಎಂಬ ತತ್ವ ಈ ನಗರಕ್ಕೆ ಗೊತ್ತಿಲ್ಲದ್ದಲ್ಲ. ಜನಾ ಅರ್ಬನ್ ಸ್ಪೇಸ್ ಸಂಸ್ಥೆ ರೂಪಿಸಿದ ಟೆಂಡರ್ ಶ್ಯೂರ್ ಮಾದರಿ ಅದೇ ತತ್ವದ ಮೇಲೆ ನಿಂತಿತ್ತು. ನೀರು, ಒಳಚರಂಡಿ, ವಿದ್ಯುತ್ತು, ಕೇಬಲ್ಲುಗಳಿಗೆ ಫುಟ್‌ಪಾತಿನ ಅಡಿಯಲ್ಲಿ ಬೇರೆ ಬೇರೆ ದಾರಿ, ಬೇಕಾದಾಗ ಇಳಿದು ನೋಡಲು ಗುಂಡಿ, ಅದರ ಮೇಲೆ ಅಗಲವಾದ ಸಮತಟ್ಟು ಪಾದಚಾರಿ ಮಾರ್ಗ, ನಡುವೆ ಒಂದೇ ಅಗಲದ ವಾಹನ ಪಥ. ಒಮ್ಮೆ ಮಾಡಿದ ರಸ್ತೆಯನ್ನು ಮತ್ತೆ ಅಗೆಯುವ ಪ್ರಸಂಗವೇ ಬಾರದಿರಲಿ ಎಂಬುದು ಅದರ ಜೀವಾಳ. ನೂರಿಪ್ಪತ್ತು ವರ್ಷದ ಹಿಂದಿನ ಹಿತ್ತಿಲ ಓಣಿಯ ತಿಳಿವಳಿಕೆಯೇ, ಅದರ ಕ್ರೌರ್ಯವನ್ನು ಕಳಚಿಕೊಂಡು, ಹೊಸ ರೂಪದಲ್ಲಿ ಬಂದಂತಿತ್ತು. ರೆಸಿಡೆನ್ಸಿ ರಸ್ತೆ, ರಿಚ್‌ಮಂಡ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳಲ್ಲಿ ಈಗಲೂ ವಯಸ್ಸಾದವರೊಬ್ಬರು ಕೋಲು ಊರಿಕೊಂಡು ನೆಮ್ಮದಿಯಾಗಿ ನಡೆಯಬಹುದು.

ಈ ಹೆಸರುಗಳೆಲ್ಲ ದಂಡಿನ ಪ್ರದೇಶದವು. ಎರಡನೆಯ ಹಂತದಲ್ಲಿ ಗಾಂಧಿನಗರದ ಗುಬ್ಬಿ ತೋಟದಪ್ಪ ರಸ್ತೆ, ಧನ್ವಂತರಿ ರಸ್ತೆಗಳಿಗೆ ಈ ಮಾದರಿ ಬಂತು. ನಡೆದೇ ಬದುಕು ಸಾಗಿಸಿದ ಚಾಮರಾಜಪೇಟೆಯ ಐದು ಮುಖ್ಯರಸ್ತೆಗಳು ಆ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಕಾಸು ಹೆಚ್ಚು ಬೇಕಾಗುತ್ತದೆ, ಕಾಲ ಹೆಚ್ಚು ಹಿಡಿಯುತ್ತದೆ ಎಂಬ ದೂರು ಟೆಂಡರ್ ಶ್ಯೂರ್ ಮೇಲಿತ್ತು. ದೂರು ನಿಜವೇ. ಆದರೆ ಅದರಿಂದ ವೈಟ್ ಟಾಪಿಂಗ್‌ನಲ್ಲಿ ಮೇಲಿನ ಹಾಸನ್ನು ಮಾತ್ರ ಉಳಿಸಿಕೊಂಡು ಅಡಿಯ ಶಿಸ್ತನ್ನು ತೆಳುಮಾಡಿದ್ದು ಸರಿಯಾದ ಪಾಠ ಅಲ್ಲ.

ಈಗ ಅಂಚಿಗೆ ಬರೋಣ. ಹಳೆಯ ಬೆಂಗಳೂರಿನಲ್ಲಿ ಫುಟ್‌ಪಾತ್ ಎಂದರೆ ಬಹುತೇಕ ಮೋರಿಯ ಮುಚ್ಚಳ. ಮಳೆನೀರಿನ ಚರಂಡಿಯ ಮೇಲೆ ಅಡ್ಡಡ್ಡ ಚಪ್ಪಡಿ ಕಲ್ಲು ಹಾಸಿದರೆ ಅದೇ ನಡೆಯುವ ದಾರಿ. ಹೂಳೆತ್ತಲು ಚಪ್ಪಡಿ ಎತ್ತಬೇಕು. ಎತ್ತಿದ ಕಲ್ಲು ಮರಳಿ ತನ್ನ ಜಾಗದಲ್ಲಿ ಅದೇ ಮಟ್ಟಕ್ಕೆ ಕೂರುವುದು ಅಪರೂಪ. ಒಂದು ಎರಡು ಇಂಚು ಮೇಲೆ, ಇನ್ನೊಂದು ಅಲುಗಾಡುತ್ತ, ಮತ್ತೊಂದು ಮುರಿದು ಮೋರಿಯೊಳಗೆ. ಪಾದಚಾರಿ ಸೌಕರ್ಯಕ್ಕೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾಡಿರುವ ನಿಯಮ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಬೇಕೆನ್ನುತ್ತದೆ, ಅಂಚಿನ ಕಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದೆನ್ನುತ್ತದೆ. ಸಂಪಿಗೆ ರಸ್ತೆಯ ಎಂಟನೇ ಕ್ರಾಸಿನ ಸುತ್ತ ಗೌರಿ ಹಬ್ಬದ ಹಿಂದಿನ ದಿನ ಈ ಅಳತೆ ಹಿಡಿದು ಹೊರಟರೆ ಟ್ರಾನ್ಸ್‌ಫಾರ್ಮರು, ಕೇಬಲ್ ಪೆಟ್ಟಿಗೆ, ನಿಂತ ಸ್ಕೂಟರುಗಳು, ಅಂಗಡಿಯ ಮೆಟ್ಟಿಲುಗಳ ನಡುವೆ ಟೇಪು ಬಿಚ್ಚುವುದೇ ಕಷ್ಟ. ಅಲ್ಲಿ ಬಾಳೆಕಂದು, ಹೂವು, ಮಾವಿನೆಲೆ ಮಾರುವವರನ್ನು ಮಾತ್ರ ದೂರುವುದು ಅನ್ಯಾಯ. ಅವರು ನಡೆಯುವವರಿಗಾಗಿಯೇ ಕೂತವರು.

ವೈಟ್ ಟಾಪಿಂಗ್ ಈ ಅಂಚಿಗೆ ಇನ್ನೊಂದು ಸಂಕಟ ತಂದಿದೆ. ಹಳೆಯ ಹಾಸನ್ನು ಸಾಕಷ್ಟು ಕೆರೆದು ತೆಗೆಯದೆ ಕಾಂಕ್ರೀಟು ಹಾಕಿದರೆ ರಸ್ತೆಯ ಮಟ್ಟ ಏರುತ್ತದೆ. ರಸ್ತೆ ಏರಿದರೆ ಫುಟ್‌ಪಾತ್ ಏರಿಸಬೇಕು. ಅದು ಏರಿದರೆ ಹಳೆಯ ಮನೆಯ ಹೊಸಿಲು ಹಳ್ಳದಲ್ಲಿ ಉಳಿಯುತ್ತದೆ. ಬಸವನಗುಡಿಯ ನೆಲ ಇಳಿಜಾರಿನದು. ವೃಷಭಾವತಿ ಹುಟ್ಟುವುದೇ ಬಸವಣ್ಣನ ಪಾದದಡಿ ಎಂದು ನಂಬಿರುವ ಊರು ಅದು. ನೀರು ಇಲ್ಲಿ ತನ್ನ ದಾರಿಯನ್ನು ಮರೆಯುವುದಿಲ್ಲ. ಮೋರಿಯ ಬಾಯಿ ರಸ್ತೆಗಿಂತ ಮೇಲಾದರೆ ಅದು ಗೇಟಿನೊಳಗೆ ಹರಿಯುತ್ತದೆ.

ಬಸ್ಸಿಗೆ ಕಾಯುವವರ ಸ್ಥಿತಿಯನ್ನೂ ಇಲ್ಲೇ ನೋಡಬೇಕು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಬಸ್ಸು ಓಡಿಸತೊಡಗಿತು. ಬಿಟಿಎಸ್ ಆಗಿ, 1997ರಲ್ಲಿ ಬಿಎಂಟಿಸಿಯಾದ ಆ ವ್ಯವಸ್ಥೆಗೆ 2023ರ ಜೂನ್ 11ರಂದು ಆರಂಭವಾದ, ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಹೊಸ ಪ್ರಯಾಣಿಕರನ್ನು ತಂದಿತು. ಮನೆಗೆಲಸಕ್ಕೆ, ಗಾರ್ಮೆಂಟ್ಸ್‌ಗೆ, ಆಸ್ಪತ್ರೆಗೆ ಹೋಗುವ ಹೆಂಗಸರು ಅವರು. ಚಾಮರಾಜಪೇಟೆ, ಕೆ.ಆರ್. ಮಾರ್ಕೆಟ್ಟಿನ ಆಸುಪಾಸಿನಲ್ಲೇ ವಿಕ್ಟೋರಿಯಾ, ವಾಣಿ ವಿಲಾಸ, ಮಿಂಟೋ ಆಸ್ಪತ್ರೆಗಳಿವೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು, ತುಂಬು ಬಸುರಿಯರು, ಎಳೆಗೂಸು ಎತ್ತಿಕೊಂಡ ಬಾಣಂತಿಯರು ಬಸ್ಸಿಳಿದು ನಡೆಯುವ ದಾರಿ ಇದು. ತಲೆಯ ಮೇಲೆ 1999ರಿಂದ ಮೇಲುಸೇತುವೆ ಇದೆ. ಮೈಸೂರು ರಸ್ತೆಯ ಕಾರುಗಳು ಸಿಗ್ನಲ್ ಇಲ್ಲದೆ ದಾಟಿಹೋಗುತ್ತವೆ. ಕೆಳಗೆ, ಆಸ್ಪತ್ರೆಗೆ ಹೊರಟವರು ಮುರಿದ ಚಪ್ಪಡಿ ತಪ್ಪಿಸಲು ರಸ್ತೆಗಿಳಿಯುತ್ತಾರೆ. ತಂಗುದಾಣದ ಎದುರು ಕಾರು ನಿಂತರೆ ಬಸ್ಸು ನಡುರಸ್ತೆಯಲ್ಲಿ ನಿಲ್ಲುತ್ತದೆ, ಹಿಂದಿನ ವಾಹನಗಳೆಲ್ಲ ಹಾರ್ನು ಹೊಡೆಯುತ್ತವೆ. ಇದಕ್ಕೆ ಮೇಲುಸೇತುವೆಯಷ್ಟು ದುಡ್ಡು ಬೇಡ. ತಂಗುದಾಣದ ಮುಂದಿನ ಐವತ್ತು ಅಡಿ ಜಾಗ ತೆರವಾಗಿದ್ದರೆ ಸಾಕು.

ಮೆಟ್ರೋ ಕತೆಯೂ ಇದಕ್ಕಿಂತ ದೂರವಿಲ್ಲ. ಸಂಪಿಗೆ ರಸ್ತೆ ನಿಲ್ದಾಣ 2014ರಲ್ಲಿ, ನ್ಯಾಷನಲ್ ಕಾಲೇಜು ನಿಲ್ದಾಣ 2017ರಲ್ಲಿ ತೆರೆದವು. ರೈಲಿನೊಳಗೆ ತಂಪು, ಶುಚಿ, ಸಮಯಪಾಲನೆ. ಇಳಿದು ಹದಿನೈದು ಇಪ್ಪತ್ತು ನಿಮಿಷ ನಡೆದರೆ ಎಂಟನೇ ಕ್ರಾಸು, ಅಥವಾ ಗಾಂಧಿ ಬಜಾರು. ಆ ನಡಿಗೆ ಸುಗಮವಾಗಿದ್ದರೆ ಎಷ್ಟೋ ಮನೆಗಳ ಸ್ಕೂಟರು ಹೊರಗೆ ಬರುತ್ತಲೇ ಇರಲಿಲ್ಲ.

ಗಾಂಧಿ ಬಜಾರಿನ ಪ್ರಯೋಗ ಬಿಡಿಸಿ ನೋಡಬೇಕಾದದ್ದು. ಮಾಸ್ತಿಯವರು ಗವಿಪುರದ ಮನೆಯಿಂದ ಬಸವನಗುಡಿ ಕ್ಲಬ್ಬಿಗೆ ನಡೆದು ಬರುತ್ತಿದ್ದ ಪರಿಸರ ಇದು. 1943ರಿಂದ ವಿದ್ಯಾರ್ಥಿ ಭವನದ ಮುಂದೆ ಜನ ದೋಸೆಗೆ ನಿಂತೇ ಕಾದ ಬೀದಿ ಇದು. ನಗರ ಭೂಸಾರಿಗೆ ನಿರ್ದೇಶನಾಲಯ ಈ ಬೀದಿಯನ್ನು ಪಾದಚಾರಿಗಳಿಗೆ ಮೊದಲ ಹಕ್ಕು ಕೊಡುವಂತೆ ರೂಪಿಸಿತು. ವಾಹನಗಳನ್ನು ದೂರವಿಟ್ಟರೆ ಗಿರಾಕಿ ಕೈತಪ್ಪುತ್ತಾರೆಂದು ವರ್ತಕರು ವಿರೋಧಿಸಿದರು. 2023ರಲ್ಲಿ ಬೀದಿ ಅಗೆದು ಬಿದ್ದಿತ್ತು. ಧೂಳು, ಮಣ್ಣಿನ ಗುಡ್ಡೆ, ಹಲಗೆ ದಾಟಿ ಅಂಗಡಿಗೆ ಹೋಗುವ ಗಿರಾಕಿಗಳು. ಹಬ್ಬದ ವ್ಯಾಪಾರ ನೆಚ್ಚಿಕೊಂಡ ಹೂವಿನವರು, ಹಣ್ಣಿನವರು ಆ ದಿನಗಳಲ್ಲಿ ಕಳೆದುಕೊಂಡದ್ದನ್ನು ಯಾರೂ ತುಂಬಿಕೊಡಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಆ ಸಿಟ್ಟಿಗೆ ಕಾರಣ ಕಾಮಗಾರಿ ನಡೆದ ರೀತಿ. ಯೋಜನೆಯ ಆಶಯ ಈಗಲೂ ಸರಿ.

ಅದಕ್ಕೆ ಸಾಕ್ಷಿ ಬಜಾರಿನ ಪಕ್ಕದಲ್ಲೇ ಇದೆ. ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ಪರಿಷೆ ಸೇರುತ್ತದೆ. ವಾಹನಗಳನ್ನು ಬೇರೆ ದಾರಿಗೆ ತಿರುಗಿಸಿ ರಸ್ತೆಯನ್ನು ನಡೆಯುವವರಿಗೆ ಬಿಡುತ್ತಾರೆ. ಜನ ಕಿಕ್ಕಿರಿಯುತ್ತಾರೆ, ಕಾಯಿ ಸೇರಿನಲ್ಲಿ ಅಳೆದು ಮಾರಾಟವಾಗುತ್ತದೆ. ಕಾರು ಬಾರದಿದ್ದರೆ ವ್ಯಾಪಾರ ಇಲ್ಲ ಎಂಬ ಮಾತಿಗೆ ಆ ಪರಿಷೆಗಿಂತ ದೊಡ್ಡ ಉತ್ತರ ಬೇಡ.

ಕಲ್ಲು ಹಾಸಿದ ಬೀದಿಗಳ ಬಗ್ಗೆ ಎಚ್ಚರವೂ ಬೇಕು. 2018ರಲ್ಲಿ ಹೊಸದಾಗಿ ತೆರೆದ ಚರ್ಚ್ ಸ್ಟ್ರೀಟ್ ನೋಡಲು ಚೆನ್ನಾಗಿತ್ತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಅಲ್ಲಿ ವಾಹನ ಸಂಚಾರ ನಿಲ್ಲಿಸಿ ನೋಡಿದ್ದೂ ಉಂಟು. ಆಮೇಲೆ ಕಾರುಗಳು ಮರಳಿದವು, ಭಾರಕ್ಕೆ ಕಲ್ಲುಗಳು ಕುಸಿದವು, ರಿಪೇರಿ ಮೇಲೆ ರಿಪೇರಿ ಬಂತು. ನಡೆಯಲು ಹಾಸಿದ ಕಲ್ಲಿನ ಮೇಲೆ ಕಾರು ಬಿಟ್ಟರೆ ಕಲ್ಲೂ ಉಳಿಯುವುದಿಲ್ಲ, ನಡಿಗೆಯೂ ಉಳಿಯುವುದಿಲ್ಲ. ಗಾಂಧಿ ಬಜಾರಿಗೂ ಅದೇ ಗತಿ ಬರದಂತೆ ನೋಡಿಕೊಳ್ಳುವುದು ಕಾಮಗಾರಿಗಿಂತ ದೊಡ್ಡ ಕೆಲಸ.

ಕಾನೂನು ಈ ವಿಷಯದಲ್ಲಿ ನಡೆಯುವವರ ಪರವಾಗಿದೆ. ರಸ್ತೆಗಳು, ಪಾದಚಾರಿ ಮಾರ್ಗಗಳೂ ಸೇರಿದಂತೆ, ಸುಸ್ಥಿತಿಯಲ್ಲಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಕರ್ನಾಟಕ ಹೈಕೋರ್ಟ್ 2019ರ ಜುಲೈನಲ್ಲಿ ಹೇಳಿತು. ಗುಂಡಿಯಿಂದ ನೊಂದವರು ಪರಿಹಾರ ಕೇಳಬಹುದೆಂದೂ ಹೇಳಿತು. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಫುಟ್‌ಪಾತಿನ ಹಕ್ಕನ್ನು ಅದೇ ವಿಧಿಯಡಿ ಎತ್ತಿಹಿಡಿಯಿತು. ಆದರೂ ಗುಂಡಿ ಮುಚ್ಚಲು ಗಡುವು ಕೊಡುವ ಆಡಳಿತ ಮುರಿದ ಚಪ್ಪಡಿ ಸರಿಪಡಿಸಲು ಅದೇ ತುರ್ತಿನಲ್ಲಿ ಗಡುವು ಕೊಡುವುದು ಕಾಣುವುದಿಲ್ಲ.

ಮಲ್ಲೇಶ್ವರದ ಕೆಲವು ಹಿತ್ತಿಲ ಓಣಿಗಳನ್ನು ನಾಗರಿಕರೇ ಮುಂದೆ ನಿಂತು ಶುಚಿಗೊಳಿಸಿ, ಗೋಡೆಗೆ ಚಿತ್ರ ಬರೆಸಿ, ನಡೆಯುವ ದಾರಿಯಾಗಿ ಮಾಡಿದ್ದಾರೆ. ಈ ಓಣಿಗಳನ್ನು ಬೀದಿಯಿಂದ ಬೀದಿಗೆ ಜೋಡಿಸಿದರೆ ಶಾಲೆಯ ಮಕ್ಕಳಿಗೆ, ಹಿರಿಯರಿಗೆ ವಾಹನವಿಲ್ಲದ ಒಳದಾರಿ ಸಿಗುತ್ತದೆ. ಕೇಬಲ್ಲುಗಳಿಗೂ ಅಲ್ಲೇ ಜಾಗ ಮಾಡಬಹುದು, ಮುಂದಿನ ರಸ್ತೆಯ ಅಗೆತ ಅಷ್ಟು ತಗ್ಗುತ್ತದೆ. ಅಂಗಡಿಯ ಗೋದಾಮು, ಜನರೇಟರು, ಕಸ ಹೋಗಿ ಓಣಿ ತೆರವಾಗಬೇಕು. ಒತ್ತುವರಿ ಕೇಳುವ ಧೈರ್ಯ ಬೇಕು.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಜಲಮಂಡಳಿಯಾಗಲಿ ಬೆಸ್ಕಾಂ ಆಗಲಿ ಈ ಪಾಲಿಕೆಗಳ ಅಂಗವಲ್ಲ. ಅಗೆಯುವವರು ಒಂದು ಕಚೇರಿ, ಮುಚ್ಚುವವರು ಇನ್ನೊಂದು ಎಂಬ ಹಳೆಯ ಸ್ಥಿತಿ ಹೆಸರು ಬದಲಾದ ಮಾತ್ರಕ್ಕೆ ಹೋಗಿಲ್ಲ. ಕಡತಗಳು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗುವ ಈ ಹೊತ್ತಿನಲ್ಲಿ ಪ್ರತಿ ವಾರ್ಡಿನ ಎಂಜಿನಿಯರನ್ನು ಕೇಳಬೇಕಾದದ್ದು ಒಂದಿದೆ: ಕಾಂಕ್ರೀಟು ಹಾಸಿದ ರಸ್ತೆಯಡಿ ಎಷ್ಟು ಅಡಿ ಆಳಕ್ಕೆ ಯಾವ ಕೊಳವೆ ಹೋಗಿದೆ, ಯಾವ ಮನೆಯ ಮುಂದೆ ಅದರ ಕವಾಟ ಇದೆ ಎಂದು ಗುರುತು ಮಾಡಿದ ನಕ್ಷೆ ನಿಮ್ಮ ಮೇಜಿಗೆ ಬಂದಿದೆಯೇ?